ಸಿಂಗಾಪುರಕ್ಕೆ ಕೆಲಸದ ಮೇಲೆ ಹೊರಟಿದ್ದೀರಾ? ರೂಮು ಬುಕ್ ಮಾಡುವ ಮೊದಲು ಇದನ್ನೊಮ್ಮೆ ಓದಿ

ಮೊದಲ ಸಲ ಹೋದಾಗ ನಾನು ಮಾಡಿದ ಎಡವಟ್ಟನ್ನೇ ಮೊದಲು ಹೇಳಿಬಿಡುತ್ತೇನೆ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್, ಯಂತ್ರದ ಬಿಡಿಭಾಗ ಮಾಡಿಕೊಡುತ್ತೇವೆ. ಗಿರಾಕಿಯ ಕಾರ್ಖಾನೆ ಇದ್ದದ್ದು ತುವಾಸ್‌ನಲ್ಲಿ, ಅಂದರೆ ಸಿಂಗಾಪುರದ ಪಶ್ಚಿಮದ ತುತ್ತತುದಿ. ಗೆಳೆಯನೊಬ್ಬ "ಇಡೀ ದೇಶ ನಮ್ಮ ಬೆಂಗಳೂರಿನಷ್ಟಿದೆ ಕಣೋ, ಎಲ್ಲಿ ಉಳಿದರೂ ಒಂದೇ" ಅಂದ. ಅವನ ಮಾತು ನಂಬಿ ಲಿಟಲ್ ಇಂಡಿಯಾ ಪಕ್ಕ ಅಗ್ಗದ ಹೋಟೆಲ್ ಹಿಡಿದೆ. ಬೆಳಿಗ್ಗೆ ಎದ್ದು ನೇರಳೆ ಗೆರೆಯ ಮೆಟ್ರೋ ರೈಲು ಹತ್ತಿ, ಔಟ್ರಮ್ ಪಾರ್ಕ್‌ನಲ್ಲಿ ಇಳಿದು, ಹಸಿರು ರೈಲು ಹತ್ತಿದೆ. ಅಲ್ಲಿಂದ 17ನೇ ಸ್ಟೇಷನ್ ತುವಾಸ್ ಲಿಂಕ್. ಅಲ್ಲಿಳಿದ ಮೇಲೆ ಮತ್ತೆ ಬಸ್ಸು. ಒಟ್ಟು ಒಂದೂವರೆ ಗಂಟೆ, ಇಸ್ತ್ರಿ ಮಾಡಿದ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಬೆಂಗಳೂರಿನಷ್ಟೇ ಇದೆ ಅನ್ನುವುದು ನಿಜವೇ. ಆದರೆ ವೈಟ್‌ಫೀಲ್ಡ್‌ನಲ್ಲಿ ರೂಮು ಮಾಡಿಕೊಂಡು ದಿನಾ ಪೀಣ್ಯಕ್ಕೆ ಯಾರಾದರೂ ಓಡಾಡುತ್ತಾರಾ?

ಆವತ್ತಿನಿಂದ ನನ್ನ ಲೆಕ್ಕ ಇಷ್ಟೇ. ಮೀಟಿಂಗ್ ಎಲ್ಲಿದೆ ನೋಡು, ಅಲ್ಲಿಗೆ ಯಾವ ಬಣ್ಣದ ರೈಲು ಹೋಗುತ್ತದೆ ನೋಡು, ಅದೇ ಬಣ್ಣದ ಗೆರೆ ಮೇಲೆ ಹೋಟೆಲ್ ಹುಡುಕು. ಏರಿಯಾದ ಹೆಸರು, ಹೋಟೆಲ್‌ಗೆ ಎಷ್ಟು ಸ್ಟಾರ್, ಈಜುಕೊಳ ಇದೆಯಾ ಇಲ್ಲವಾ ಅನ್ನುವುದೆಲ್ಲ ಆಮೇಲಿನ ಮಾತು. ಹಸಿರು ಅಂದರೆ ಈಸ್ಟ್ ವೆಸ್ಟ್, ಕೆಂಪು ನಾರ್ತ್ ಸೌತ್, ನೇರಳೆ ನಾರ್ತ್ ಈಸ್ಟ್, ಹಳದಿ ಸರ್ಕಲ್, ನೀಲಿ ಡೌನ್‌ಟೌನ್, ಕಂದು ಥಾಮ್ಸನ್ ಈಸ್ಟ್ ಕೋಸ್ಟ್. ಹೆಸರು ನೆನಪಿರದಿದ್ದರೂ ಬಣ್ಣ ಮರೆಯುವುದಿಲ್ಲ.

ಎಲ್ಲಿ ಉಳಿಯುವುದು

ಬ್ಯಾಂಕು, ವಕೀಲರು, ಹೂಡಿಕೆಯವರು, ಈ ತರದ ಕೆಲಸ ಇದ್ದರೆ ನಿಮ್ಮ ಮೀಟಿಂಗ್ ಬಹುತೇಕ ರಾಫಲ್ಸ್ ಪ್ಲೇಸ್, ಶೆಂಟನ್ ವೇ, ತಂಜೋಂಗ್ ಪಗಾರ್, ಮರೀನಾ ಬೇ ಸುತ್ತಮುತ್ತಲೇ ಇರುತ್ತದೆ. ಕಂಪನಿ ದುಡ್ಡು ಕೊಡುತ್ತದೆ ಅಂದರೆ ಸುಮ್ನೆ ಅಲ್ಲೇ ಉಳಿಯಿರಿ. ನಡೆದೇ ಹೋಗಬಹುದು, ಮಧ್ಯಾಹ್ನ ಬಂದು ಅಂಗಿ ಬದಲಿಸಬಹುದು. ಆ ಸೆಕೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಕೈಯಿಂದ ಖರ್ಚು ಮಾಡುವವರಿಗೆ ಮಾತ್ರ ಜೇಬು ಸುಡುತ್ತದೆ. ಶನಿವಾರ ಭಾನುವಾರ ಆ ಭಾಗ ಬಿಕೋ ಅನ್ನುತ್ತದೆ. ಶುಕ್ರವಾರ ಮೀಟಿಂಗ್ ಮುಗಿಸಿ ಸೋಮವಾರದವರೆಗೆ ಉಳಿಯುವ ಪ್ಲಾನ್ ಇದ್ದರೆ ಎರಡು ದಿನಕ್ಕೆ ಬೇರೆ ಕಡೆ ಹೋಗುವುದೇ ವಾಸಿ.

ನನ್ನ ಆಯ್ಕೆ ಬುಗಿಸ್. ಹಸಿರು, ನೀಲಿ ಎರಡೂ ಗೆರೆ ಅಲ್ಲಿ ಸೇರುತ್ತವೆ. ರಾಫಲ್ಸ್ ಪ್ಲೇಸ್‌ಗೆ ಎರಡೇ ಸ್ಟೇಷನ್. ಲಿಟಲ್ ಇಂಡಿಯಾಗೂ ನೀಲಿ ರೈಲಿನಲ್ಲಿ ಎರಡೇ ಸ್ಟೇಷನ್, ಮಳೆ ಇಲ್ಲದಿದ್ದರೆ ನಡೆದೂ ಹೋಗಬಹುದು. ಸನ್‌ಟೆಕ್‌ನಲ್ಲಿ ಪ್ರದರ್ಶನ, ಸಮ್ಮೇಳನ ಇದ್ದರೂ ಹತ್ತಿರವೇ. ಬುಗಿಸ್ ದುಬಾರಿ ಅನ್ನಿಸಿದರೆ ಅದೇ ಹಸಿರು ಗೆರೆಯಲ್ಲಿ ಮುಂದಿನ ಸ್ಟೇಷನ್ ಲ್ಯಾವೆಂಡರ್. ದರ ಇಳಿಯುತ್ತದೆ, ಕೆಲಸಕ್ಕೆ ಏನೂ ತೊಂದರೆ ಆಗುವುದಿಲ್ಲ. ಮೀಟಿಂಗ್ ಎಲ್ಲಿ ಅಂತ ಇನ್ನೂ ಗೊತ್ತಾಗಿಲ್ಲ, ಮೂರು ದಿನದಲ್ಲಿ ಮೂರು ಕಡೆ ಹೋಗಬೇಕು ಅನ್ನುವವರಿಗೆ ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ.

ಲಿಟಲ್ ಇಂಡಿಯಾ, ಫ್ಯಾರರ್ ಪಾರ್ಕ್ ಕಡೆ ನಮ್ಮವರಿಗೆ ಒಂದು ಸೆಳೆತ ಇದ್ದೇ ಇದೆ. ಊಟ ಸಿಗುತ್ತದೆ, ಮಲ್ಲಿಗೆ ಹೂ ಕಾಣುತ್ತದೆ, ಕರೆನ್ಸಿ ಬದಲಿಸುವ ಅಂಗಡಿಗಳಿವೆ, ರಾತ್ರಿ ತಡವಾದರೂ ಮುಸ್ತಫಾ ಅನ್ನುವ ದೊಡ್ಡ ಅಂಗಡಿ ತೆರೆದಿರುತ್ತದೆ. ರೂಮಿನ ದರವೂ ಕಡಿಮೆ. ಆದರೆ ಕಡಿಮೆ ಯಾಕೆ ಅಂತ ಕೇಳಿಕೊಳ್ಳಿ. ನನಗೆ ಸಿಕ್ಕ ರೂಮಿನಲ್ಲಿ ದಪ್ಪನೆಯ ಪರದೆ ಇಳಿಬಿಟ್ಟಿದ್ದರು. ಬೆಳಿಗ್ಗೆ ಬೆಳಕು ಬರಲಿ ಅಂತ ಸರಿಸಿದೆ. ಹಿಂದೆ ಗೋಡೆ. ಬರೀ ಗೋಡೆ. ಕಿಟಕಿಯೇ ಇಲ್ಲದ ಗೋಡೆಗೆ ಪರದೆ ತೂಗುಹಾಕಿದ್ದರು! ಮೋಸ ಅನ್ನುವ ಹಾಗಿಲ್ಲ. ಬುಕ್ ಮಾಡುವಾಗ ಸಣ್ಣ ಅಕ್ಷರದಲ್ಲಿ "ಕಿಟಕಿ ಇಲ್ಲ" ಅಂತ ಬರೆದೇ ಇದ್ದರು, ನಾನು ಓದಿರಲಿಲ್ಲ ಅಷ್ಟೆ. ಸಿಂಗಾಪುರದ ಅಗ್ಗದ ಹೋಟೆಲ್‌ಗಳಲ್ಲಿ ಇದು ಮಾಮೂಲು. ಒಂದು ರಾತ್ರಿ ಪರವಾಗಿಲ್ಲ, ನಾಲ್ಕು ರಾತ್ರಿ ಅಂದರೆ ಹಗಲೋ ರಾತ್ರಿಯೋ ಗೊತ್ತಾಗದೆ ತಲೆ ಕೆಟ್ಟುಹೋಗುತ್ತದೆ. ಆದ್ದರಿಂದ ದರ ನೋಡುವ ಮೊದಲು ಕಿಟಕಿ ಇದೆಯಾ ನೋಡಿ. ಇನ್ನೊಂದು ಮಾತು, ಭಾನುವಾರ ಸಂಜೆ ಅಲ್ಲಿ ಕೂಲಿ ಕೆಲಸಕ್ಕೆ ಬಂದ ಸಾವಿರಾರು ಜನ ವಾರದ ರಜೆ ಕಳೆಯಲು ಸೇರುತ್ತಾರೆ. ಒಳ್ಳೆಯ ಸಡಗರ, ನನಗಂತೂ ಇಷ್ಟ. ಆದರೆ ಆ ಹೊತ್ತಿನಲ್ಲಿ ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಸೆರಂಗೂನ್ ರಸ್ತೆಯಲ್ಲಿ ಟ್ಯಾಕ್ಸಿ ಹುಡುಕುವುದು ಬೇಡ.

ಜುರೋಂಗ್, ತುವಾಸ್‌ನ ಕಾರ್ಖಾನೆಗಳಿಗೆ ಬಂದವರು ಜುರೋಂಗ್ ಈಸ್ಟ್ ನೋಡಿ. ಹೋಟೆಲ್ ಬೆರಳೆಣಿಕೆ, ಬೇಗ ತುಂಬಿಬಿಡುತ್ತವೆ. ಎರಡನೇ ಸಲ ನಾನು ಅಲ್ಲೇ ಉಳಿದೆ. ಅಲ್ಲಿಂದ ತುವಾಸ್ ಲಿಂಕ್‌ಗೆ 9 ಸ್ಟೇಷನ್, ರೈಲು ಬದಲಿಸುವ ಗೋಜಿಲ್ಲ. ಬೆಳಿಗ್ಗೆ ಎಂಟೂವರೆಗೆ ಗೇಟಿನ ಮುಂದೆ ನಿಂತಿದ್ದೆ. ಸಂಜೆ ಮಾಲ್ ಬಿಟ್ಟರೆ ಮಾಡಲು ಏನೂ ಇಲ್ಲ, ಆದರೆ ಬಂದದ್ದು ಕೆಲಸಕ್ಕೆ ಅಲ್ವಾ.

ಚಾಂಗಿ ಬಿಸಿನೆಸ್ ಪಾರ್ಕ್ ಅಥವಾ ಸಿಂಗಾಪುರ ಎಕ್ಸ್‌ಪೋದಲ್ಲಿ ಕೆಲಸ ಇರುವ ಐಟಿ, ಬ್ಯಾಂಕಿಂಗ್ ಮಂದಿಗೆ ಎಕ್ಸ್‌ಪೋ ಸ್ಟೇಷನ್ ಪಕ್ಕವೇ ಸರಿ. ಏರ್‌ಪೋರ್ಟ್‌ನಿಂದ ಒಂದೇ ಸ್ಟೇಷನ್. ಒಂದೆರಡು ದಿನದ ಭೇಟಿಗೆ ಇದಕ್ಕಿಂತ ಸಲೀಸು ಇನ್ನೊಂದಿಲ್ಲ. ಆದರೆ ನಗರದಲ್ಲಿ ಸಂಜೆ ಊಟಕ್ಕೆ ಕರೆದರೆ ಹೋಗಿ ಬರುವುದಕ್ಕೇ ಒಂದೂವರೆ ಗಂಟೆ ಬೇಕು. ಸಂಶೋಧನಾ ಕೇಂದ್ರಗಳಿರುವ ಒನ್ ನಾರ್ತ್, ಬಯೋಪೊಲಿಸ್ ಕಡೆ ಕೆಲಸ ಇರುವವರು ಬ್ಯುನಾ ವಿಸ್ಟಾ ನೆನಪಿಟ್ಟುಕೊಳ್ಳಿ. ಹಸಿರು, ಹಳದಿ ಗೆರೆ ಸೇರುವ ಜಾಗ ಅದು. ಬುಗಿಸ್‌ನಲ್ಲಿದ್ದರೂ ಹಸಿರು ರೈಲಿನಲ್ಲೇ ನೇರ ಬಂದು ಅಲ್ಲಿ ಬದಲಿಸಿದರೆ ಒನ್ ನಾರ್ತ್ ಮುಂದಿನ ಸ್ಟೇಷನ್. ಆರ್ಚರ್ಡ್ ರಸ್ತೆ ಶಾಪಿಂಗ್‌ಗೆ, ಸೆಂಟೋಸಾ ಮಕ್ಕಳಿಗೆ. ಗೇಲಾಂಗ್‌ನಲ್ಲಿ ದರ ನೋಡಿ ಹಿಗ್ಗಬೇಡಿ, ಅಲ್ಲಿ ಗಂಟೆ ಲೆಕ್ಕದಲ್ಲಿ ರೂಮು ಕೊಡುವ ಹೋಟೆಲ್‌ಗಳೂ ಇವೆ, ಆಫೀಸಿಗೆ ಬಿಲ್ಲು ಕೊಡುವಾಗ ನೀವೇ ಮುಜುಗರ ಪಡುತ್ತೀರಿ.

ಕೆಲವರು ಇನ್ನೊಂದು ಉಪಾಯ ಹೇಳುತ್ತಾರೆ. ಕಡಲು ದಾಟಿದರೆ ಮಲೇಷ್ಯಾದ ಜೊಹೋರ್ ಬಾರು, ಅಲ್ಲಿ ರೂಮು ಅರ್ಧ ಬೆಲೆಗೆ, ದಿನಾ ಬಂದುಹೋಗಿ ಅಂತ. ಬೇಡವೇ ಬೇಡ. ದಿನಾ ಎರಡು ಸಲ ಎರಡೆರಡು ಇಮಿಗ್ರೇಷನ್, ಬೆಳಿಗ್ಗೆ ಆ ಸೇತುವೆ ಮೇಲಿನ ಸಾಲು ನೋಡಿದರೆ ಸಿಲ್ಕ್ ಬೋರ್ಡ್ ಜಂಕ್ಷನ್ನೇ ಮೇಲು ಅನ್ನಿಸುತ್ತದೆ.

ತಾರೀಖು ನಿಮ್ಮ ಕೈಯಲ್ಲಿದ್ದರೆ ಫಾರ್ಮುಲಾ ಒನ್ ರೇಸ್ ನಡೆಯುವ ವಾರ ತಪ್ಪಿಸಿ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬರುತ್ತದೆ. ಮರೀನಾ ಬೇ ಸುತ್ತ ರಸ್ತೆಗಳನ್ನೇ ಮುಚ್ಚಿ ರೇಸ್ ಓಡಿಸುತ್ತಾರೆ. ರೂಮಿನ ದರ ಕೇಳಿದರೆ ಎದೆ ಧಸಕ್ ಅನ್ನುತ್ತದೆ.

ರಾತ್ರಿ ವಿಮಾನವೋ, ಹಗಲು ವಿಮಾನವೋ

ಬೆಂಗಳೂರಿನಿಂದ ನೇರ ವಿಮಾನ ನಾಲ್ಕೂವರೆ ಗಂಟೆ. ರಾತ್ರಿ ಹನ್ನೊಂದರ ಸುಮಾರಿಗೆ ಹತ್ತಿ ಬೆಳಿಗ್ಗೆ ಆರಕ್ಕೆ ಇಳಿಯುವುದು ಜನಪ್ರಿಯ. ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯಿತು ಅಂತ ಖುಷಿ. ಆದರೆ ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿನ ಬೆಳಗಿನ ಆರು ಅಂದರೆ ನಿಮ್ಮ ದೇಹಕ್ಕೆ ಮೂರೂವರೆ. ಹೋಟೆಲ್ ರೂಮು ಕೈಗೆ ಸಿಗುವುದು ಮಧ್ಯಾಹ್ನ ಎರಡೋ ಮೂರೋ ಗಂಟೆಗೆ. ಹತ್ತು ಗಂಟೆಗೆ ಮೀಟಿಂಗ್ ಇಟ್ಟುಕೊಂಡು ಹೀಗೆ ಬಂದಿಳಿದವರು ಹನ್ನೊಂದಕ್ಕೆ ಆಕಳಿಸುವುದನ್ನು ನಾನೇ ನೋಡಿದ್ದೇನೆ, ಅವರಲ್ಲಿ ನಾನೂ ಒಬ್ಬ. ಮೀಟಿಂಗ್ ಮಧ್ಯಾಹ್ನ ಇದ್ದರೆ ರಾತ್ರಿ ವಿಮಾನ ಓಕೆ. ಚಾಂಗಿ ಏರ್‌ಪೋರ್ಟ್‌ನಲ್ಲಿ ದುಡ್ಡು ಕೊಟ್ಟು ಸ್ನಾನ ಮಾಡುವ ವ್ಯವಸ್ಥೆ ಇದೆ, ಬಿಸಿನೀರು, ಟವೆಲ್ ಎಲ್ಲ ಕೊಡುತ್ತಾರೆ. ಬೆಳಿಗ್ಗೆಯೇ ಮೀಟಿಂಗ್ ಇದ್ದರೆ ಹಿಂದಿನ ದಿನದ ಹಗಲು ವಿಮಾನಕ್ಕೇ ಬನ್ನಿ. ಒಂದು ರಾತ್ರಿಯ ಬಾಡಿಗೆ ಜಾಸ್ತಿ ಆಗುತ್ತದೆ, ಆಗಲಿ ಬಿಡಿ.

ಏರ್‌ಪೋರ್ಟ್‌ನಿಂದ ಊರೊಳಗೆ

ಒಬ್ಬರೇ ಇದ್ದೀರಿ, ಕೈಯಲ್ಲಿ ಒಂದೇ ಟ್ರಾಲಿ ಬ್ಯಾಗು, ಹಗಲು ಹೊತ್ತು. ಹಾಗಿದ್ದರೆ ಎಂಆರ್‌ಟಿ, ಅಂದರೆ ಅಲ್ಲಿನ ಮೆಟ್ರೋ ರೈಲು. ಎರಡನೇ, ಮೂರನೇ ಟರ್ಮಿನಲ್ ನಡುವೆ ಸ್ಟೇಷನ್ ಇದೆ. ತಾನಾ ಮೆರಾದಲ್ಲಿ ಇಳಿದು ಎದುರಿನ ಹಸಿರು ರೈಲು ಹತ್ತಿದರೆ ಎಂಟನೇ ಸ್ಟೇಷನ್ ಬುಗಿಸ್. ಕೆಲವು ಡಾಲರ್‌ಗಳಲ್ಲಿ ಮುಗಿಯುತ್ತದೆ. ಎಕ್ಸ್‌ಪೋದಲ್ಲಿ ನೀಲಿ ರೈಲಿಗೂ ಬದಲಿಸಬಹುದು, ಆದರೆ ಅದು ಊರೆಲ್ಲ ಸುತ್ತಿಕೊಂಡು ಬರುತ್ತದೆ, ಬುಗಿಸ್‌ಗೆ 20ಕ್ಕೂ ಹೆಚ್ಚು ಸ್ಟೇಷನ್. ಮ್ಯಾಪು ನೋಡಿ ಮೋಸಹೋಗಬೇಡಿ. ರಾತ್ರಿ ಹನ್ನೊಂದರ ಮೇಲೆ ಕೊನೆಯ ರೈಲು ಹೊರಟುಹೋಗಿರುತ್ತದೆ.

ನಾನು ಸಾಮಾನ್ಯವಾಗಿ ಸ್ಯಾಂಪಲ್ ಹೊತ್ತುಕೊಂಡು ಹೋಗುವವನು. ಇಪ್ಪತ್ತು ಕೆಜಿ ಕಬ್ಬಿಣ ಎಳೆದುಕೊಂಡು ರೈಲು ಬದಲಿಸುವ ಹುಮ್ಮಸ್ಸು ನನಗಿಲ್ಲ. ಆಗ ಟ್ಯಾಕ್ಸಿಯೋ, ನಮ್ಮ ಓಲಾ ತರದ ಗ್ರ್ಯಾಬ್ ಆ್ಯಪೋ ಅನ್ನುವ ಪ್ರಶ್ನೆ. ಟ್ಯಾಕ್ಸಿ ಮೀಟರ್ ಮೇಲೆ ಓಡುತ್ತದೆ. ಚೌಕಾಶಿ ಇಲ್ಲ, "ಮೀಟರ್ ಮೇಲೆ ಐವತ್ತು ಕೊಡಿ ಸಾರ್" ಅನ್ನುವವರಿಲ್ಲ. ಆದರೆ ಮೀಟರ್ ಮೇಲೆ ಗೊತ್ತುಪಡಿಸಿದ ಹೆಚ್ಚುವರಿ ಶುಲ್ಕಗಳಿವೆ. ಏರ್‌ಪೋರ್ಟ್ ಶುಲ್ಕ ಒಂದು, ಬೆಳಿಗ್ಗೆ ಸಂಜೆ ಗಡಿಬಿಡಿ ಹೊತ್ತಿಗೆ ಶೇ. 25, ನಡುರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಶೇ. 50. ಗ್ರ್ಯಾಬ್‌ನಲ್ಲಿ ಹತ್ತುವ ಮೊದಲೇ ಮೊತ್ತ ಗೊತ್ತಾಗುತ್ತದೆ, ಆದರೆ ಮಳೆ ಬಂದರೆ ದರ ಏರಿಬಿಡುತ್ತದೆ, ಮಳೆಯಂತೂ ಅಲ್ಲಿ ಯಾವಾಗ ಬೇಕಾದರೂ ಬರುತ್ತದೆ. ಊಬರ್ ಹುಡುಕಬೇಡಿ, 2018ರಲ್ಲೇ ಅದು ಅಲ್ಲಿನ ವ್ಯವಹಾರವನ್ನು ಗ್ರ್ಯಾಬ್‌ಗೆ ಮಾರಿ ಹೋಯಿತು. ನನ್ನ ರೂಢಿ ಏನೆಂದರೆ, ಆ್ಯಪ್‌ನಲ್ಲಿ ದರ ನೋಡುತ್ತೇನೆ, ಕಣ್ಣೆದುರು ಟ್ಯಾಕ್ಸಿ ಸಾಲು ಚಿಕ್ಕದಿದ್ದರೆ ಟ್ಯಾಕ್ಸಿಗೇ ಹೋಗುತ್ತೇನೆ. ಮುದ್ರಿಸಿದ ರಸೀದಿಯೂ ಸಿಗುತ್ತದೆ. ಇಬ್ಬರು ಮೂವರು ಸೇರಿ ಬಂದಿದ್ದರೆ ರೈಲಿನ ಯೋಚನೆಯನ್ನೇ ಬಿಡಿ.

ದುಡ್ಡು, ಕಾರ್ಡು, ಫೋನು

ರೈಲಿಗೆ ಬೇರೆ ಪಾಸ್ ಬೇಕಾಗಿಲ್ಲ. ವೀಸಾ, ಮಾಸ್ಟರ್‌ಕಾರ್ಡ್‌ನ ತಟ್ಟುವ ಕಾರ್ಡು ಇದ್ದರೆ ಗೇಟಿನಲ್ಲಿ ನೇರ ತಟ್ಟಿ ಹೋಗಬಹುದು. ವಿದೇಶಿ ಕಾರ್ಡಿಗೆ ಬಳಸಿದ ದಿನಕ್ಕೆ 60 ಸೆಂಟ್ ಜಾಸ್ತಿ ಹಿಡಿಯುತ್ತಾರೆ. ಮೂರು ನಾಲ್ಕು ದಿನಕ್ಕೆ ಇದೇ ಸುಲಭ. ವಾರಕ್ಕಿಂತ ಹೆಚ್ಚು ಇರುವವರು, ಮತ್ತೆ ಮತ್ತೆ ಬರುವವರು ಈಜಿ ಲಿಂಕ್ ಕಾರ್ಡ್ ತೆಗೆದುಕೊಳ್ಳಿ. ಒಂದು ಎಚ್ಚರಿಕೆ. ಒಳಗೆ ಹೋಗುವಾಗ ಫೋನು ತಟ್ಟಿ, ಹೊರಗೆ ಬರುವಾಗ ಅದೇ ಬ್ಯಾಂಕಿನ ಕಾರ್ಡು ತಟ್ಟಿದರೆ ಯಂತ್ರದ ಕಣ್ಣಿಗೆ ಅವೆರಡೂ ಬೇರೆ ಬೇರೆ. ಯಾವುದರಿಂದ ಒಳಗೆ ಹೋದಿರೋ ಅದರಿಂದಲೇ ಹೊರಗೆ ಬನ್ನಿ.

ಎಲ್ಲ ಕಡೆ ಕಾರ್ಡು ನಡೆಯುತ್ತದೆ ಅಂತ ನಗದು ಇಲ್ಲದೆ ಹೋಗಬೇಡಿ. ಹಾಕರ್ ಸೆಂಟರ್ ಅಂದರೆ ಸಣ್ಣ ಸಣ್ಣ ಊಟದ ಅಂಗಡಿಗಳೆಲ್ಲ ಒಂದೇ ಸೂರಿನಡಿ ಇರುವ ಜಾಗ. ಅಲ್ಲಿನ ಅಜ್ಜಿಯ ಅಂಗಡಿಯಲ್ಲಿ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ, ಆದರೆ ಅದು ಬಹುತೇಕ ಅಲ್ಲಿನ ಬ್ಯಾಂಕ್ ಖಾತೆ ಇರುವವರಿಗೆ. ಹಿಂದೆ ಸಾಲು ಬೆಳೆಯುತ್ತಿರುವಾಗ ಅಲ್ಲಿ ನಿಂತು ಫೋನು ಉಜ್ಜುವುದು ಬೇಡ. ಐವತ್ತು ನೂರು ಡಾಲರ್ ಜೇಬಿನಲ್ಲಿರಲಿ.

ಫೋನಿಗೆ ಮೂರು ದಾರಿ. ನಮ್ಮ ಮೊಬೈಲ್ ಕಂಪನಿಯ ರೋಮಿಂಗ್ ಪ್ಯಾಕ್, ಅಲ್ಲಿನ ಟೂರಿಸ್ಟ್ ಸಿಮ್, ಇಲ್ಲವೇ ಇ-ಸಿಮ್. ಒಂದೆರಡು ದಿನಕ್ಕೆ ರೋಮಿಂಗ್ ಪ್ಯಾಕ್ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಡೇಟಾಕ್ಕೆ ಇ-ಸಿಮ್ ಹಾಕಿಕೊಂಡು, ನಮ್ಮ ಸಿಮ್ ಅನ್ನು ಫೋನಿನಲ್ಲೇ ಬಿಡಿ. ಯಾಕೆಂದರೆ ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಇದಕ್ಕೆ ಊರು ಬಿಡುವ ಮೊದಲೇ ರೋಮಿಂಗ್ ಚಾಲೂ ಮಾಡಿಸಿರಬೇಕು. ಟೂರಿಸ್ಟ್ ಸಿಮ್ ಹಾಕಲು ನಮ್ಮ ಸಿಮ್ ತೆಗೆದು ಪರ್ಸಿನಲ್ಲಿಟ್ಟವರಿಗೆ ಹೋಟೆಲ್ ಕೌಂಟರ್ ಮುಂದೆ ಒಟಿಪಿಗಾಗಿ ಸಿಮ್ ಬದಲಿಸುವ ಪಿನ್ನು ಹುಡುಕುವ ಪರಿಸ್ಥಿತಿ ಬರುತ್ತದೆ.

ಊಟ

ಸಸ್ಯಾಹಾರಿಗಳೇ, ಹೆದರಬೇಡಿ, ಮೈಮರೆಯಲೂ ಬೇಡಿ. ಸೆರಂಗೂನ್ ರಸ್ತೆಯಲ್ಲಿ ನಮ್ಮ ಎಂಟಿಆರ್ 2013ರಿಂದ ಇದೆ, ಎದುರಿಗೇ ಶ್ರೀನಿವಾಸ ಪೆರುಮಾಳ್ ದೇವಸ್ಥಾನ. ಮೂರು ದಿನ ನೂಡಲ್ಸ್ ತಿಂದು ಅಲ್ಲಿ ರವೆ ಇಡ್ಲಿ ಮುಂದೆ ಕೂತಾಗ ಆಗುವ ಸಮಾಧಾನ ಬೇರೆಯೇ. ವಾರಾಂತ್ಯದಲ್ಲಿ ಕಾಯಬೇಕು. ಅದೇ ರಸ್ತೆಯ ಕೋಮಲ ವಿಲಾಸ್ 1947ರಷ್ಟು ಹಳೆಯದು. ಎರಡರಲ್ಲಿ ಯಾವುದು ಅಂದರೆ ಬೆಳಗಿನ ತಿಂಡಿಗೆ ಎಂಟಿಆರ್, ಅವಸರದ ಊಟಕ್ಕೆ ಕೋಮಲ ವಿಲಾಸ್.

ಆದರೆ ಮಧ್ಯಾಹ್ನದ ಊಟಕ್ಕೆ ಯಾರೂ ಅಲ್ಲಿವರೆಗೆ ಬರುವುದಿಲ್ಲ, ಆಫೀಸಿನವರು ಪಕ್ಕದ ಹಾಕರ್ ಸೆಂಟರ್‌ಗೇ ಕರೆದೊಯ್ಯುತ್ತಾರೆ. ಲಾವ್ ಪಾ ಸಾತ್, ಮ್ಯಾಕ್ಸ್‌ವೆಲ್, ಅಮೋಯ್ ಸ್ಟ್ರೀಟ್. ಹನ್ನೆರಡರಿಂದ ಒಂದೂವರೆವರೆಗೆ ಕಾಲಿಡಲು ಜಾಗ ಇರುವುದಿಲ್ಲ. ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಕಂಡರೆ ಯಾರೋ ಮರೆತುಹೋದದ್ದು ಅಂದುಕೊಳ್ಳಬೇಡಿ, ಅದು ನಮ್ಮ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. "ಚೋಪ್" ಅನ್ನುತ್ತಾರೆ. ತಿಂದ ಮೇಲೆ ತಟ್ಟೆ ನೀವೇ ಎತ್ತಿಡಬೇಕು, 2021ರಿಂದ ಕಡ್ಡಾಯ. ತರಕಾರಿ ನೂಡಲ್ಸ್ ಅಂದರೂ ಸಾಂಬಾಲ್ ಖಾರದಲ್ಲಿ ಒಣ ಸೀಗಡಿ ಇರುತ್ತದೆ, ಕೇಳಿಕೊಳ್ಳಿ. ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳು ಎಷ್ಟೋ ಕಡೆ ಇವೆ. ಮಾಂಸದ ಹಾಗೇ ಕಾಣುವ ಸೋಯಾ ತುಂಡು ನೋಡಿ ಗಾಬರಿ ಆಗಬೇಡಿ.

ಕಾಫಿಗೆ ಒಂದು ಪಾಠವೇ ಬೇಕು. ಸುಮ್ನೆ "ಕೋಪಿ" ಅಂದರೆ ಮಂದ ಸಿಹಿ ಹಾಲು ಹಾಕಿ ಕೊಡುತ್ತಾರೆ, ಪಾಯಸದ ಹಾಗಿರುತ್ತದೆ. "ಕೋಪಿ ಓ" ಅಂದರೆ ಹಾಲಿಲ್ಲ, ಸಕ್ಕರೆ ಇದೆ. "ಕೋಪಿ ಓ ಕೊಸೊಂಗ್" ಅಂದರೆ ಎರಡೂ ಇಲ್ಲ. ನಮ್ಮ ನಾಲಿಗೆಗೆ ಹತ್ತಿರ ಬರುವುದು "ಕೋಪಿ ಸಿ ಸಿಯು ದಾಯ್", ಗಟ್ಟಿ ಹಾಲು, ಸಕ್ಕರೆ ಕಮ್ಮಿ. ಫಿಲ್ಟರ್ ಕಾಫಿ ಅಲ್ಲ, ಆದರೆ ಹೊಂದಿಕೊಳ್ಳಬಹುದು.

ಗಿರಾಕಿಯನ್ನು ನೀವೇ ಊಟಕ್ಕೆ ಕರೆಯುವುದಾದರೆ ಹವಾನಿಯಂತ್ರಿತ ರೆಸ್ಟೋರೆಂಟ್‌ಗೆ ಹೋಗಿ, ಆದರೆ ಮೆನುವಿನಲ್ಲಿ ದರದ ಪಕ್ಕ ಎರಡು ಪ್ಲಸ್ ಚಿಹ್ನೆ ಇದೆಯಾ ನೋಡಿ. ಶೇ. 10 ಸರ್ವಿಸ್ ಚಾರ್ಜ್, ಅದರ ಮೇಲೆ ಶೇ. 9 ಜಿಎಸ್‌ಟಿ ಅಂತ ಅರ್ಥ. ನೂರು ಡಾಲರ್ ಊಟಕ್ಕೆ ಬಿಲ್ಲು 119 ಡಾಲರ್ 90 ಸೆಂಟ್. ಟಿಪ್ಸ್ ಬೇರೆ ಕೊಡಬೇಕಾಗಿಲ್ಲ.

ಕಾಗದ ಪತ್ರ

ನಮ್ಮ ಪಾಸ್‌ಪೋರ್ಟ್‌ಗೆ ವೀಸಾ ಬೇಕು, ಅಧಿಕೃತ ಏಜೆಂಟರ ಮೂಲಕ ಮಾಡಿಸಬಹುದು. ಇದರ ಜೊತೆ ಎಸ್‌ಜಿ ಅರೈವಲ್ ಕಾರ್ಡ್ ಅನ್ನುವ ಪ್ರವೇಶದ ಫಾರಂ ಅನ್ನು ಅಲ್ಲಿ ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಇದಕ್ಕೆ ಶುಲ್ಕ ಇಲ್ಲ. ದುಡ್ಡು ಕೇಳಿದರೆ ಅದು ಬೇರೆ ಯಾರದೋ ವೆಬ್‌ಸೈಟು, ಮುಚ್ಚಿಬಿಡಿ. ಪಾಸ್‌ಪೋರ್ಟ್‌ಗೆ ಸೀಲು ಒತ್ತುವುದಿಲ್ಲ, ಎಷ್ಟು ದಿನ ಇರಬಹುದು ಅಂತ ಇಮೇಲ್ ಬರುತ್ತದೆ, ಆದ್ದರಿಂದ ಇಮೇಲ್ ವಿಳಾಸ ಸರಿಯಾಗಿ ಬರೆಯಿರಿ.

ನಮ್ಮಂಥ ಯಂತ್ರದ ಮಂದಿಗೆ ಮುಖ್ಯವಾದದ್ದು ಇನ್ನೊಂದಿದೆ. ಮೀಟಿಂಗ್‌ನಲ್ಲಿ ಕೂರುವುದು, ಕಾರ್ಖಾನೆ ನೋಡುವುದು, ಪ್ರದರ್ಶನಕ್ಕೆ ಗಿರಾಕಿಯಾಗಿ ಹೋಗುವುದು, ಇದಕ್ಕೆಲ್ಲ ಬೇರೆ ಅನುಮತಿ ಬೇಡ. ಆದರೆ ಯಂತ್ರ ಕೂರಿಸುವುದು, ಚಾಲೂ ಮಾಡಿಕೊಡುವುದು, ರಿಪೇರಿ ಮಾಡುವುದು ಅಂದರೆ ಅದು ಕೆಲಸ. ಅಲ್ಲಿಳಿದ ಮೇಲೆ, ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವ ಮೊದಲು, ಅಲ್ಲಿನ ಮಾನವಶಕ್ತಿ ಸಚಿವಾಲಯಕ್ಕೆ ಆನ್‌ಲೈನ್‌ನಲ್ಲಿ ತಿಳಿಸಬೇಕು. "ಬಂದಿದ್ದೀರಲ್ಲ, ಹಾಗೇ ಒಂಚೂರು ನೋಡಿಬಿಡಿ" ಅಂತ ಗಿರಾಕಿ ಪ್ರೀತಿಯಿಂದ ಕರೆದರೂ ಮೊದಲು ಅದನ್ನು ಮುಗಿಸಿ.

ಬ್ಯಾಗಿನಲ್ಲಿ ಗುಟ್ಕಾ, ಜಗಿಯುವ ತಂಬಾಕು, ಇ-ಸಿಗರೇಟು ಬೇಡವೇ ಬೇಡ, ಚ್ಯೂಯಿಂಗ್ ಗಮ್ ಕೂಡ. ಸಿಗರೇಟಿಗೆ ಸುಂಕ ವಿನಾಯಿತಿ ಒಂದು ಕಡ್ಡಿಗೂ ಇಲ್ಲ. ಮನೆಯವರು ಕಟ್ಟಿಕೊಟ್ಟ ತಿಂಡಿಯಲ್ಲಿ ಗಸಗಸೆ ಇದ್ದರೆ ಅದನ್ನೂ ಮನೆಯಲ್ಲೇ ತಿಂದು ಹೊರಡಿ, ಅಲ್ಲಿ ಅದು ಮಾದಕ ವಸ್ತು ಇಲಾಖೆಯ ಕಣ್ಣಿಗೆ ಬೀಳುವ ಪದಾರ್ಥ. ಪ್ಲಗ್ ಪಾಯಿಂಟು ಮೂರು ಚಪ್ಪಟೆ ಕಡ್ಡಿಯದು, ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ. ತೆಳ್ಳಗಿನ ಕೋಟೊಂದು ಇರಲಿ. ಹೊರಗೆ ಬೆವರು, ಒಳಗೆ ಎಸಿಯ ಚಳಿಗೆ ಹಲ್ಲು ಕಟಕಟ. ಟೈ ಕಟ್ಟುವವರು ಈಗ ಕಡಿಮೆ. ವಿಸಿಟಿಂಗ್ ಕಾರ್ಡ್ ಎರಡೂ ಕೈಯಲ್ಲಿ ಕೊಡಿ, ಎರಡೂ ಕೈಯಲ್ಲಿ ತೆಗೆದುಕೊಳ್ಳಿ, ತಕ್ಷಣ ಹಿಂದಿನ ಜೇಬಿಗೆ ತುರುಕಬೇಡಿ.

ವಾಪಸು ಹೊರಡುವಾಗ ಟಿಕೆಟ್‌ನಲ್ಲಿ ಟರ್ಮಿನಲ್ ಸಂಖ್ಯೆ ನೋಡಿಕೊಳ್ಳಿ. ಒಂದು, ಎರಡು, ಮೂರರ ನಡುವೆ ಪುಟ್ಟ ರೈಲು ಓಡುತ್ತದೆ. ನಾಲ್ಕನೆಯದು ಬೇರೆಯೇ ಇದೆ, ರೈಲಿಳಿದು ಬಸ್ಸು ಹಿಡಿಯಬೇಕು. ಅದಕ್ಕೆ ಅರ್ಧ ಗಂಟೆ ಜಾಸ್ತಿ ಇಟ್ಟುಕೊಂಡೇ ಹೋಟೆಲ್ ಬಿಡಿ.